ಅಪ್ಪಯ್ಯನ ಕಿವಿಗೆ ತಲುಪದ ಮದ್ದು

ತುಪ್ಪ, ಜೀರಿಗೆ, ಹಸಿಮೆಣಸು ಬಿದ್ದ ಸಾಬೂದಾಣಿ ಖಿಚಡಿಯ ಮೇಲೆ ಹುರಿದ ಶೇಂಗಾಪುಡಿ ಉದುರುವಾಗ ಬರುವ ವಾಸನೆಗೆ ಬಾಯಲ್ಲಿ ನೀರೂರದವರು ಮಹಾರಾಷ್ಟ್ರದಲ್ಲಿ ಸಿಗಲಿಕ್ಕಿಲ್ಲ. ನನಗೆ ಮಾತ್ರ ಆ ವಾಸನೆ ಬಂದರೆ ಅಲ್ಲಿ ನಿಲ್ಲಲು ಮನಸ್ಸಾಗುವುದಿಲ್ಲ. ಕಳೆದ ಆಷಾಢದಲ್ಲಿ ತಮ್ಮನ ಮನೆಗೆಂದು ನಾಸಿಕ್‌ಗೆ ಹೋದವಳು, ನಮ್ಮ ಹೋಟೆಲಿದ್ದ ಬೀದಿಯಲ್ಲಿ ಸುಮ್ಮನೆ ನಡೆದು ಬರುತ್ತಿದ್ದೆ. ಏಕಾದಶಿಯ ದಿನ. ರಸ್ತೆಬದಿಯ ಗಾಡಿಯಲ್ಲಿ ದೊಡ್ಡ ಬಾಣಲೆ ಇಟ್ಟು ಉಪವಾಸದವರಿಗೆ ಖಿಚಡಿ ಮಾಡುತ್ತಿದ್ದರು. ಮಳೆ ಹನಿಯುತ್ತಿತ್ತು. ಜೊತೆಗಿದ್ದ ಮೊಮ್ಮಗಳು ಪ್ಲೇಟು ತೆಗೆದುಕೊಡು ಎಂದು ಸೆರಗು ಜಗ್ಗಿದಳು. ನಾನು ಕೊಡಿಸಿ, ನಾಲ್ಕು ಹೆಜ್ಜೆ ದೂರ ಹೋಗಿ ನಿಂತುಕೊಂಡೆ. ಇಷ್ಟು ವರ್ಷ ಕಳೆದರೂ ಆ ಒಂದು ಮಳೆಗಾಲ ನನ್ನನ್ನು ಬಿಟ್ಟಿಲ್ಲ ನೋಡಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಕುಂದಾಪುರದ ಕಡೆಯ ಮಾಧ್ವರು. ನಾಸಿಕ್‌ನ ರವಿವಾರ ಕಾರಂಜಾದ ಹತ್ತಿರ ನಾಲ್ವರು ಸೇರಿ ನಡೆಸುತ್ತಿದ್ದ ಒಂದು ಉಡುಪಿ ಹೋಟೆಲಿನಲ್ಲಿ ಅಪ್ಪಯ್ಯ ಒಬ್ಬ ಪಾಲುದಾರರು. ಅವರ ಪಾಲಿಗೆ ಬಂದದ್ದು ಅಡುಗೆಮನೆ. ಊರಿಗೆಲ್ಲ ಅವರು ಭಟ್ಟರು. ಆಗ ಆರ್ಡರು ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಸಪ್ಲೈಯರುಗಳು ಗೋಡೆಯ ಕಿಂಡಿಗೆ ಬಾಯಿಟ್ಟು ಕೂಗುತ್ತಿದ್ದರು: ಎರಡು ಸಾದಾ, ಒಂದು ಕಡಕ್ ಮಸಾಲೆ, ಮೂರು ಇಡ್ಲಿ ಸಾಂಬಾರು ಬೇರೆ. ಒಬ್ಬನ ಕೂಗು ಮುಗಿಯುವ ಮೊದಲು ಇನ್ನೊಬ್ಬನದು. ಅಪ್ಪಯ್ಯ ಕಾವಲಿಯಿಂದ ತಲೆ ಎತ್ತದೆ ಎಲ್ಲವನ್ನೂ ಕಿವಿಯಲ್ಲೇ ಹಿಡಿದುಕೊಂಡು, ಬಂದ ಸರದಿಯಲ್ಲೇ ಹೊರಗೆ ಕಳಿಸುತ್ತಿದ್ದರು. ಅವರ ಅಡುಗೆಯನ್ನು ಹೊಗಳಿದರೆ ನಗುತ್ತಿದ್ದರು; ಕಿವಿಯನ್ನು ಹೊಗಳಿದರೆ ಎದೆ ಉಬ್ಬುತ್ತಿತ್ತು.

ಅಮ್ಮ ನಾನು ಶಾಲೆಯಲ್ಲಿರುವಾಗಲೇ ತೀರಿಕೊಂಡಿದ್ದಳು. ನಾನೂ ತಮ್ಮ ರಾಘುವೂ ಅಪ್ಪಯ್ಯನ ಕೈಯಲ್ಲಿ ಬೆಳೆದವರು. ಬಿ.ಎಸ್ಸಿ. ಮುಗಿಸಿದ ಮೇಲೆ ನನಗೆ ಔರಂಗಾಬಾದಿನ ಒಂದು ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಈಗ ಆ ಊರು ಛತ್ರಪತಿ ಸಂಭಾಜಿನಗರ; ನನ್ನ ನಾಲಗೆ ಇನ್ನೂ ಹಳೆಯ ಹೆಸರಿಗೇ ಹೊರಳುತ್ತದೆ. ಅಲ್ಲಿ ಬೀದರ್ ಕಡೆಯ ಶರಣಮ್ಮ ಎಂಬವರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಅವರ ಗಂಡ ಟೆಲಿಫೋನ್ ಆಫೀಸಿನಲ್ಲಿ ಗುಮಾಸ್ತರು. ಶರಣಮ್ಮನ ಕನ್ನಡ, ನನ್ನ ಕನ್ನಡ ಒಂದಕ್ಕೊಂದು ಮುಖ ನೋಡಿಕೊಂಡು ನಗುತ್ತಿದ್ದವು. ಆದರೆ ಆ ಊರಿನಲ್ಲಿ ನನಗೆ ತಾಯಿ ಎಂದರೆ ಅವರೇ.

ನಮ್ಮ ಆಸ್ಪತ್ರೆಯ ಕಿವಿಯ ಡಾಕ್ಟರು ಸಾಠೆ. ಅವರಿಗೊಂದು ಹುಚ್ಚು. ರೋಗಿಗೆ ಕೊಟ್ಟ ಮದ್ದು ಕಿವಿಯೊಳಗಿನವರೆಗೆ ಹೋಯಿತೋ ಇಲ್ಲವೋ ಎಂದು ಕಣ್ಣಾರೆ ನೋಡದೆ ಸಮಾಧಾನವಿಲ್ಲ. ಕಿವಿತಮಟೆಯ ಹಿಂದಿರುವ ನಡುಗಿವಿಯಿಂದ ಒಂದೆರಡು ಹನಿ, ಅದೇ ಹೊತ್ತಿಗೆ ತೋಳಿನಿಂದ ಒಂದಿಷ್ಟು ರಕ್ತ ತೆಗೆದು ನನಗೆ ಕಳಿಸುತ್ತಿದ್ದರು. ನಾನು ಗಾಜಿನ ತಟ್ಟೆಯಲ್ಲಿ ಹಲ್ವದಂತೆ ಹೆಪ್ಪುಗಟ್ಟುವ ಅಗರ್ ಸುರಿದು, ಮದ್ದಿಗೆ ಬೇಗ ಸಾಯುವ ಒಂದು ಜಾತಿಯ ರೋಗಾಣುವನ್ನು ಅದರಲ್ಲಿ ಬಿತ್ತಿ, ಸಣ್ಣ ಗುಳಿ ತೋಡಿ, ಒಂದಕ್ಕೆ ರಕ್ತದ ತಿಳಿ, ಇನ್ನೊಂದಕ್ಕೆ ಕಿವಿಯ ದ್ರವದ ತಿಳಿ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. ಮರುದಿನ ನೋಡಿದರೆ ತಟ್ಟೆಯ ತುಂಬ ರೋಗಾಣು ಮಸುಕಾಗಿ ಬೆಳೆದಿರುತ್ತಿತ್ತು. ಮದ್ದು ಇದ್ದ ಗುಳಿಯ ಸುತ್ತ ಮಾತ್ರ ಏನೂ ಬೆಳೆಯದ ತಿಳಿಯಾದ ಬಳೆ. ಬಳೆ ದೊಡ್ಡದಾದಷ್ಟೂ ಮದ್ದು ಹೆಚ್ಚು.

ಇದರಲ್ಲಿ ನನಗೆ ಮೊದಮೊದಲು ಒಂದು ವಿಷಯ ತಲೆಗೆ ಹೋಗಲೇ ಇಲ್ಲ. ಕೆಂಪಗೆ ಊದಿ, ಮುಟ್ಟಿದರೆ ಕಿರುಚುವಂಥ ಕಿವಿಯಿಂದ ಬಂದ ದ್ರವಕ್ಕೆ ಒಳ್ಳೆಯ ಅಗಲದ ಬಳೆ. ನೋವು ಇಳಿದು ಗುಣವಾಗುತ್ತಿರುವ ಕಿವಿಯಿಂದ ಬಂದದ್ದಕ್ಕೆ ಚಿಕ್ಕ ಬಳೆ. ಇಬ್ಬರೂ ನುಂಗಿದ್ದು ಅದೇ ಮಾತ್ರೆ, ರಕ್ತದ ಬಳೆಯೂ ಹೆಚ್ಚುಕಡಿಮೆ ಅಷ್ಟೇ. ನಾನೇ ಏನೋ ತಪ್ಪು ಮಾಡಿದೆ ಎಂದುಕೊಂಡು ಸಾಠೆಯವರ ಮುಂದೆ ತಟ್ಟೆಗಳನ್ನು ಇಟ್ಟೆ. ಅವರು ಮರಾಠಿಯಲ್ಲಿ ಹೇಳಿದರು, "ತಪ್ಪಲ್ಲ. ಕಿವಿ ಊದಿದಾಗ ಅಲ್ಲಿಯ ಸಣ್ಣ ರಕ್ತನಾಳಗಳ ಗೋಡೆ ಸೋರುತ್ತದೆ. ಆ ಸೋರುವ ದಾರಿಯಲ್ಲೇ ಮದ್ದೂ ಒಳಗೆ ನುಗ್ಗುತ್ತದೆ. ಊತ ಇಳಿದ ಹಾಗೆ ದಾರಿ ಮುಚ್ಚುತ್ತಾ ಬರುತ್ತದೆ. ಒಳಗೆ ಉಳಿದ ರೋಗಾಣುವಿಗೆ ಅದೇ ಒಳ್ಳೆಯ ಕಾಲ. ಅದಕ್ಕೇ ಗುಣವಾಯಿತು ಅನ್ನಿಸಿದ ಮೇಲೆ ಹೊತ್ತು ತಪ್ಪಿಸದೆ ಮದ್ದು ತಗೊಳ್ಳಬೇಕು." ಮಳೆಗಾಲದ ನೆಗಡಿ ಜೊತೆಗಿದ್ದವರ ಕಿವಿಗೆ ಮದ್ದು ಇನ್ನೂ ಕಡಿಮೆ ಹೋಗುವುದನ್ನು ನಾವು ಮತ್ತೆ ಮತ್ತೆ ನೋಡಿದೆವು.

ಆ ವರ್ಷ ನಾಸಿಕ್‌ನಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿಯಿತು. ಗೋದಾವರಿಯ ನೀರು ಘಾಟಿನಲ್ಲಿ ನಿಂತ ದುತೋಂಡ್ಯಾ ಮಾರುತಿ ವಿಗ್ರಹದ ಸೊಂಟಕ್ಕೆ ಬಂತು ಎಂದು ಊರೆಲ್ಲ ನೋಡಲು ಓಡುತ್ತಿತ್ತು. ಅಪ್ಪಯ್ಯ ಮಾತ್ರ ಎಂದಿನಂತೆ ಬೆಳಗಿನ ಜಾವ ತಣ್ಣೀರಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಮಡಿಯಲ್ಲೇ ಒಲೆ ಹೊತ್ತಿಸಿದರು. ನೆಗಡಿಯಾಯಿತು. ನೆಗಡಿ ಬಲಗಿವಿಗೆ ಇಳಿಯಿತು. ತಮಟೆ ಒಡೆದು ಕೀವು ಬಂತು. ನಮ್ಮ ಮನೆಯ ಡಾಕ್ಟರು ಆಂಪಿಸಿಲಿನ್ ಕ್ಯಾಪ್ಸೂಲು ಬರೆದುಕೊಟ್ಟರು, ದಿನಕ್ಕೆ ನಾಲ್ಕು. ನಾನು ರಜೆ ಹಾಕಿ ಓಡಿಬಂದೆ.

ನಾನು ಬರುವ ಹೊತ್ತಿಗೆ ನೋವು ಅರ್ಧ ಇಳಿದಿತ್ತು. ಕಿವಿಗೆ ಹತ್ತಿ ತುರುಕಿಕೊಂಡು ಕಾವಲಿಯ ಮುಂದೆ ನಿಂತೇ ಇದ್ದರು. ನಾನು ಬಳೆಗಳ ಕಥೆಯನ್ನೆಲ್ಲ ಹೇಳಿ, "ಅಪ್ಪಯ್ಯ, ಇನ್ನು ಮುಂದಿನದ್ದೇ ಮುಖ್ಯ. ಕಡಿಮೆ ಆಯ್ತು ಅಂತ ನಿಲ್ಲಿಸ್ಬೇಡಿ" ಎಂದೆ.

"ಆಯ್ತು ಮಾರಾಯ್ತಿ. ನೀನೊಬ್ಬಳು ಡಾಕ್ಟರಮ್ಮ. ಹೋಗಿ ಕಾಫಿ ಕುಡಿ, ಹೋಗು" ಎಂದರು.

ಅವರು ಆಯ್ತು ಎಂದರೆ ಆಯ್ತು ಎಂದೇ ಅರ್ಥ. ಅದಕ್ಕೇ ನಂಬಿ ಬಸ್ಸು ಹತ್ತಿದೆ. ಮೂರು ದಿನ ಕಳೆದು ಆಷಾಢ ಶುಕ್ಲ ಏಕಾದಶಿ ಬಂತು.

ಮರಾಠಿಗರ ಏಕಾದಶಿಗೂ ನಮ್ಮದಕ್ಕೂ ಅಜಗಜಾಂತರ. ಅವರಿಗೆ ಉಪವಾಸವೆಂದರೆ ಸಾಬೂದಾಣಿ, ಬಟಾಟೆ, ಶೇಂಗಾ, ಗೆಣಸು. ಹೋಟೆಲಿಗೆ ಅಂದು ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ಜನರಿಗೆಲ್ಲ ಖಿಚಡಿ ಮಾಡಿ ಬಡಿಸುವ ಅಪ್ಪಯ್ಯ ಸ್ವತಃ ನೀರನ್ನೂ ಮುಟ್ಟುತ್ತಿರಲಿಲ್ಲ. ದಶಮಿಯ ದಿನ ಒಂದೇ ಊಟ, ಏಕಾದಶಿ ಪೂರ್ತಿ ನಿರ್ಜಲ, ದ್ವಾದಶಿಯ ಬೆಳಿಗ್ಗೆ ಪಾರಣೆ. ಉಪನಯನವಾದ ಮೇಲೆ ಒಂದೂ ತಪ್ಪಿಸಿದವರಲ್ಲ. "ಇವರದ್ದು ಉಪವಾಸ ಅಲ್ಲ, ಊಟದ ಬದಲಿ" ಎಂದು ಬಾಣಲೆ ಕೆದಕುತ್ತಾ ನಗುತ್ತಿದ್ದರು.

ಆ ಸಲವೂ ಹಾಗೇ ಮಾಡಿದರು. ಗುರುಪೂರ್ಣಿಮೆ ಕಳೆದು ಎರಡು ದಿನಕ್ಕೆ, ಲ್ಯಾಬಿನ ಬಾಗಿಲಲ್ಲಿ ರಾಘು ಒದ್ದೆಯಾಗಿ ನಿಂತಿದ್ದ. ದಾರಿಯಲ್ಲಿ ಯೇವಲೆ ಊರಿನ ಆಚೆ ಹಳ್ಳ ತುಂಬಿ ಬಸ್ಸು ಅರ್ಧ ದಿನ ನಿಂತಿತ್ತಂತೆ. ಹೊರಗೆ ಬೆಂಚಿನ ಮೇಲೆ ಅಪ್ಪಯ್ಯ ಕೂತಿದ್ದರು. ಬಲಗಿವಿಯ ಹಿಂದೆ ನಿಂಬೆಹಣ್ಣಿನಷ್ಟು ಬಾವು. ಕಿವಿ ಮುಂದಕ್ಕೆ ತಳ್ಳಿದ ಹಾಗೆ ಎದ್ದು ನಿಂತಿತ್ತು. ಮೈ ಕೆಂಡ. ನನ್ನನ್ನು ನೋಡಿ ನಗಲು ಹೋದರು, ಆಗಲಿಲ್ಲ.

"ಮಾತ್ರೆ ಪೂರ್ತಿ ತಗೊಂಡ್ರಾ?" ಎಂದು ಕೇಳಿದೆ. ಅವರು ನೆಲ ನೋಡಿದರು.

ರಾಘು ಹುಟ್ಟಿದ್ದು ನಾಸಿಕ್‌ನಲ್ಲಿ; ಅವನ ಕನ್ನಡಕ್ಕೆ ಮರಾಠಿಯ ಕೈಕಾಲು. "ಅಕ್ಕಾ, ದಶಮಿ ಸಂಧ್ಯಾಕಾಳೀನೇ ಬಂದ್ ಮಾಡಿದ್ರು. ಉಪವಾಸ ನಾ? ನಂತರ್ ದ್ವಾದಶಿಗೆ ಹೇಳಿದ್ರು, ಒಂದು ದಿವಸ ತಗೊಂಡಿಲ್ಲ ಅಂದ್ರೂ ಕಾಹೀ ತ್ರಾಸ್ ಆಗ್ಲಿಲ್ಲ, ಮತ್ತೆ ಯಾಕೆ ಬೇಕು ಅಂತ. ಉಳಿದದ್ದು ಪಾಂಡುಗೆ ಕೊಟ್ರು."

ಪಾಂಡು ಎಂದರೆ ಪಾತ್ರೆ ತೊಳೆಯುವವನು. ಅವನ ಕಾಲಲ್ಲಿ ಕುರು ಎದ್ದಿತ್ತಂತೆ. ತನಗೆ ಬೇಡದ್ದು ಅವನಿಗಾದರೂ ಆಗಲಿ ಎಂಬ ಧರ್ಮಬುದ್ಧಿ! ಆ ಕ್ಷಣ ನನಗೆ ಬಂದ ಸಿಟ್ಟಿಗೆ ಅಪ್ಪಯ್ಯನನ್ನು ಅಲ್ಲೇ ಜಾಡಿಸಿಬಿಡಬೇಕು ಎನ್ನಿಸಿತು. ಜಾಡಿಸಿದೆ ಕೂಡ. ಅವರು ತಪ್ಪು ಮಾಡಿದ ಹುಡುಗನ ಹಾಗೆ ತಲೆ ಬಗ್ಗಿಸಿ ಬೈಸಿಕೊಂಡರು. ಹಾಗೆ ಬೈಸಿಕೊಳ್ಳುವ ಅಪ್ಪಯ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಅದರಿಂದಲೇ ಹೆದರಿಕೆ ಹತ್ತಿತು.

ಸಾಠೆ ಡಾಕ್ಟರು ನೋಡಿ ಮುಖ ಗಂಟಿಕ್ಕಿದರು. ಕೀವು ಕಿವಿಯ ಹಿಂದಿನ ಎಲುಬಿಗೆ ಇಳಿದಿದೆ, ಆ ಎಲುಬಿನ ಆಚೆ ಇರುವುದು ಮಿದುಳು. ತಕ್ಷಣ ಇಂಜೆಕ್ಷನ್ ಶುರು ಮಾಡಿದರು. ಎರಡು ದಿನ ಕಳೆದರೂ ಜ್ವರ ಜಗ್ಗಲಿಲ್ಲ. ಅಂದು ಸಂಜೆ ಅವರು ಅಪ್ಪಯ್ಯನ ಕಿವಿಯ ಹನಿಯನ್ನೂ ರಕ್ತವನ್ನೂ ತೆಗೆದು ಎರಡು ಪುಟ್ಟ ನಳಿಗೆಗಳನ್ನು ನನ್ನ ಕೈಗೆ ಕೊಟ್ಟರು. "ನಾಳೆ ಇದನ್ನು ನೋಡಿಕೊಂಡು ನಿರ್ಧಾರ ಮಾಡೋಣ. ನಿನಗೆ ಕಷ್ಟವಾದರೆ ಬೇರೆಯವರಿಗೆ ಹೇಳುತ್ತೇನೆ" ಎಂದರು. ನಾನೇ ಮಾಡುತ್ತೇನೆ ಎಂದೆ.

ಅದೆಷ್ಟೋ ಜನರ ಕಿವಿಯ ಹನಿಯನ್ನು ಹಾಡು ಗುನುಗುತ್ತಾ ತಟ್ಟೆಗೆ ಹಾಕಿದವಳು ನಾನು. ಅಂದು ಗುಳಿಗೆ ಹಾಕುವಾಗ ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದುಕೊಂಡೆ. ಮನೆಗೆ ಹೋದರೆ ಶರಣಮ್ಮ ತಟ್ಟೆಗೆ ರೊಟ್ಟಿ ಹಾಕಿಟ್ಟು ಎದುರಿಗೆ ಕೂತರು. "ಉಣ್ಣವ್ವ. ನೀ ಉಪಾಸ ಕುಂತ್ರ ಅವರ ಜ್ವರಾ ಇಳೀತೈತೇನು?" ಎಂದರು. ಅವರ ಮುಖ ನೋಡಿ ಅರ್ಧ ರೊಟ್ಟಿ ತಿಂದು ಎದ್ದೆ.

ಬೆಳಿಗ್ಗೆ ಪೆಟ್ಟಿಗೆ ತೆರೆದೆ. ರಕ್ತದ ಗುಳಿಯ ಸುತ್ತ ದೊಡ್ಡ ಬಳೆ. ಕಿವಿಯ ಗುಳಿಯ ಸುತ್ತ, ಬೆಳಕಿಗೆ ಹಿಡಿದು ಹೇಗೆ ತಿರುಗಿಸಿ ನೋಡಿದರೂ, ಉಗುರಿನಂಚಿನಷ್ಟು ಒಂದು ಗೆರೆ. ಮದ್ದು ಅಪ್ಪಯ್ಯನ ಮೈಯೆಲ್ಲ ಓಡಾಡುತ್ತಿತ್ತು, ಬೇಕಾದ ಜಾಗಕ್ಕೆ ಮಾತ್ರ ಹೋಗುತ್ತಿರಲಿಲ್ಲ. ನಾನು ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಅತ್ತೆ.

"ಎಲುಬು ಕೊರೆದು ಕೀವು ತೆಗೆಯಬೇಕು. ಇವತ್ತೇ" ಎಂದರು ಸಾಠೆ. ಅಪ್ಪಯ್ಯ ಒಪ್ಪಲಿಲ್ಲ. ದಪ್ಪ ಸೂಜಿ ಬೇಕಾದರೆ ಇನ್ನೂ ನಾಲ್ಕು ಚುಚ್ಚಿ, ಕಿವಿಗೆ ಉಳಿ ಹಾಕಿಸಿಕೊಳ್ಳುವುದಿಲ್ಲ ಎಂದು ಹಠ ಹಿಡಿದರು. "ಕಿವಿ ಹೋದ ಭಟ್ಟನನ್ನು ಪಾಲುದಾರರು ಕಾವಲಿ ಮುಂದೆ ನಿಲ್ಲಿಕ್ಕೆ ಬಿಡ್ತಾರಾ? ಕಿಂಡಿಯಲ್ಲಿ ಕೂಗಿದ್ದು ಕೇಳದಿದ್ರೆ ನಾನು ಎಂತ ಮಾಡೂದು, ಮೂಲೆಯಲ್ಲಿ ಕೂತು ತೆಂಗಿನಕಾಯಿ ತುರಿಯೂದಾ?" ಎಂದರು. ಅವರ ಹೆದರಿಕೆ ಏನೆಂದು ಆಗ ನನಗೆ ಅರ್ಥವಾಯಿತು. ಸಾವಿನ ಮಾತನ್ನು ಅವರು ಎತ್ತಲೇ ಇಲ್ಲ.

ನಾನು ಲ್ಯಾಬಿಗೆ ಓಡಿ ತಟ್ಟೆಯನ್ನೇ ತಂದು ಅವರ ಮುಂದೆ ಹಿಡಿದೆ. "ಇದು ನಿಮ್ಮ ರಕ್ತ. ಇದು ನಿಮ್ಮ ಕಿವಿ. ಸೂಜಿ ಎಷ್ಟು ಚುಚ್ಚಿದ್ರೂ ಮದ್ದು ಇಲ್ಲಿಗೇ ನಿಲ್ತದೆ, ಅಲ್ಲಿಗೆ ಹೋಗೂದಿಲ್ಲ." ಅವರು ಜ್ವರದ ಕಣ್ಣಲ್ಲಿ ಒಂದು ಗುಳಿಯಿಂದ ಇನ್ನೊಂದಕ್ಕೆ ನೋಡಿದರು.

"ಮೊದಲು ಹೋಗ್ತಿತ್ತಾ?"

"ಮೊದಲು ಹೋಗ್ತಿತ್ತು. ಊದಿ ಕೆಂಪಗಿದ್ದಾಗ ಹೋಗ್ತಿತ್ತು. ಊತ ಇಳಿದ ಮೇಲೆ ಕಡಿಮೆ ಆಗ್ತದೆ ಅಂತ ನಾನು ಅವತ್ತೇ ಹೇಳ್ಳಿಲ್ವಾ? ಈಗ ಕೀವು ಗಟ್ಟಿಯಾಗಿ ಎಲುಬಲ್ಲಿ ಕೂತಿದೆ, ಇನ್ನೂ ಹೋಗೂದಿಲ್ಲ."

ಅಪ್ಪಯ್ಯ ಕಣ್ಣು ಮುಚ್ಚಿದರು. "ಕುದಿಯುವಾಗ ಹಾಕಿದ ಉಪ್ಪು ತರಕಾರಿ ಹೋಳಿನ ಒಳಗೆ ಹಿಡೀತದೆ" ಎಂದರು ಮೆಲ್ಲಗೆ. "ಒಲೆಯಿಂದ ಇಳಿಸಿದ ಮೇಲೆ ಹಾಕಿದ್ದು ರಸದಲ್ಲೇ ಉಳೀತದೆ. ಹೀಗೆ ಅಂತ ಹೇಳಿದ್ರೆ ನಂಗೆ ಅವತ್ತೇ ಗೊತ್ತಾಗ್ತಿತ್ತಲ್ಲ ಹೆಣ್ಣೇ. ನೀನು ಬಳೆ ಬಳೆ ಅಂದ್ರೆ ನಂಗೆಂತ ಗೊತ್ತು?" ಆಮೇಲೆ ರಾಘುವನ್ನು ಕರೆದು ಡಾಕ್ಟರಿಗೆ ಹೂಂ ಎಂದು ಹೇಳಿ ಬಾ ಎಂದರು.

ಆಪರೇಷನ್ ಕೋಣೆಯ ಹೊರಗೆ ನಾನೂ ರಾಘುವೂ ಕೂತೆವು. ಔರಂಗಾಬಾದಿನಲ್ಲಿ ಮಳೆ ನಾಸಿಕ್‌ನಷ್ಟು ಸುರಿಯುವುದಿಲ್ಲ. ಅಂದು ಮೋಡ ಮುಚ್ಚಿಕೊಂಡು ಒಂದು ಹನಿಯೂ ಬೀಳದೆ ಸೆಖೆ ಕವುಚಿತ್ತು. ಒಳಗಿನಿಂದ ಎಲುಬಿಗೆ ಉಳಿ ಬೀಳುವ ಟಕ್ ಟಕ್ ಸದ್ದು ಕೇಳುತ್ತಿತ್ತು. ರಾಘು ಕಿವಿ ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ, ಸದ್ದು ನಿಂತರೆ ಏನಾಗುತ್ತದೋ ಎಂದು ಅದನ್ನೇ ಕೇಳುತ್ತಿದ್ದೆ. ಕೊನೆಗೆ ನಿಂತಿತು. ಸಾಠೆ ಹೊರಗೆ ಬಂದು ಟೊಪ್ಪಿಗೆ ತೆಗೆದು, "ಸ್ವಚ್ಛವಾಯಿತು. ಮಿದುಳಿನ ಕಡೆಯ ಗೋಡೆ ಕಾಗದದಷ್ಟು ತೆಳ್ಳಗಾಗಿತ್ತು, ಇನ್ನು ಎರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು" ಎಂದರು. ಟೊಪ್ಪಿಗೆ ಮಡಿಸುತ್ತಾ ಮುಂದುವರಿಸಿದರು. "ಒಳಗೆ ಚೂರುಪಾರು ಉಳಿದೇ ಇರುತ್ತದೆ. ಅದನ್ನು ಕೊಲ್ಲಬೇಕಾದದ್ದು ಮದ್ದು. ಕಿವಿ ತಣ್ಣಗಾಗುತ್ತಾ ಬಂದ ಹಾಗೆ ಮದ್ದು ಹೋಗುವುದು ಕಡಿಮೆಯಾಗುತ್ತದೆ. ಒಂದು ಹೊತ್ತೂ ತಪ್ಪಬಾರದು. ಇನ್ನೊಂದು ಸಲ ಕೆರಳಿದರೆ ನನ್ನ ಕೈಯಲ್ಲಿ ಆಗುವುದಿಲ್ಲ."

ಜ್ವರ ಇಳಿಯಿತು. ಇಂಜೆಕ್ಷನ್ ನಿಲ್ಲಿಸಿ ಮತ್ತೆ ಕ್ಯಾಪ್ಸೂಲು ಕೊಟ್ಟರು. ಅಪ್ಪಯ್ಯ ತಲೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಹಾಸಿಗೆಯಲ್ಲಿ ಕೂತು, ನಾನು ಮನೆಯಿಂದ ಮಾಡಿ ತಂದ ಗಂಜಿಗೆ ಉಪ್ಪು ಸಾಲದು ಎಂದು ತಕರಾರು ತೆಗೆಯುವಷ್ಟಾದರು. ನಾನು ಹಿಗ್ಗಿದೆ. ಹಿಗ್ಗಿದವಳು ಶರಣಮ್ಮನ ಮನೆಯ ಗೋಡೆಯ ಕ್ಯಾಲೆಂಡರು ನೋಡಿ ತಣ್ಣಗಾದೆ. ನಾಡಿದ್ದು ಕೃಷ್ಣಪಕ್ಷದ ಏಕಾದಶಿ.

ದಶಮಿಯ ಮಧ್ಯಾಹ್ನ ಒಂದು ಊಟ ಮಾಡಿ ಅಪ್ಪಯ್ಯ ಎಲೆ ಮಡಿಸಿದರು. ಸಂಜೆಯ ಮಾತ್ರೆಯನ್ನು ಹೇಗೋ ನುಂಗಿದರು, ರಾತ್ರಿಯದನ್ನು ಮುಖ ತಿರುಗಿಸಿಕೊಂಡು ನುಂಗಿದರು. "ನಾಳೆ ಮಾತ್ರ ಕೇಳ್ಬೇಡ" ಎಂದರು.

"ಕೇಳೂದೇ. ಡಾಕ್ಟರು ಹೇಳಿದ್ದು ನಿಮ್ಗೂ ಗೊತ್ತುಂಟು."

"ಗೊತ್ತುಂಟು. ಉಪ್ಪಿನ ಲೆಕ್ಕ ನಂಗೇ ಹೇಳಿಕೊಡ್ತೀಯಾ? ಆದ್ರೆ ನಲವತ್ತು ವರ್ಷ ಹಿಡಿದದ್ದನ್ನು ಹೇಗೆ ಬಿಡೂದು ಹೇಳು. ನಿನ್ನಮ್ಮ ಹೋದ ದಿನವೂ ಬಿಡ್ಲಿಲ್ಲ ನಾನು." ಅವರ ಧ್ವನಿ ಒಡೆಯಿತು. ನನಗೆ ಸಿಟ್ಟು, ಕನಿಕರ ಎರಡೂ ಒಟ್ಟಿಗೆ ಬಂದವು. ಮದ್ದಿಗೆ ದೋಷವಿಲ್ಲ ಎಂದು ಹೇಳಿಸಲು ಊರಿನ ಆಚಾರ್ಯರಿಗೆ ಟ್ರಂಕ್ ಕಾಲ್ ಮಾಡೋಣವೆಂದರೆ ಮಳೆಗೆ ಲೈನೆಲ್ಲ ಕೆಟ್ಟಿದೆ ಎಂದು ಶರಣಮ್ಮನ ಗಂಡ ಕೈಚೆಲ್ಲಿದರು.

ಏಕಾದಶಿಯ ಬೆಳಿಗ್ಗೆ ಶರಣಮ್ಮ ನನ್ನ ಜೊತೆ ವಾರ್ಡಿಗೆ ಬಂದರು. ಕ್ಯಾಪ್ಸೂಲು ಮೇಜಿನ ಮೇಲಿತ್ತು. ಅಪ್ಪಯ್ಯ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಶರಣಮ್ಮ ಅವರ ಒಳ್ಳೆಯ ಕಿವಿಯ ಕಡೆಗೆ ಹೋಗಿ ನಿಂತು, "ಭಟ್ಟರ, ನನಗ ನಿಮ್ಮ ಶಾಸ್ತ್ರ ತಿಳಿಯೂದಿಲ್ರಿ. ನಮ್ಮದು ಸೋಮವಾರ. ಉಪಾಸ ಇದ್ರೂ ಲಿಂಗಕ್ಕ ಎರೆದ ನೀರು ನಾವು ತಗೋತೀವಿ. ಪೂಜಿ ನೀರಿಗೆ ಉಪಾಸ ಮುರಿಯೂದಿಲ್ರಿ. ನಿಮ್ಮೊಳಗ ಹಂತಾದ್ದೇನೂ ಇಲ್ಲೇನ್ರಿ?" ಎಂದರು.

ಅಪ್ಪಯ್ಯ ಗೋಡೆಯ ಕಡೆಯೇ ನೋಡುತ್ತಿದ್ದರು. ಶರಣಮ್ಮ ಹೊರಟುಹೋದರು. ಕಿಟಕಿಯ ಹೊರಗೆ ದೌಲತಾಬಾದ್ ಕಡೆಯಿಂದ ಮೋಡ ಬರುತ್ತಿತ್ತು. ಮಾತ್ರೆಯ ಹೊತ್ತು ಮೀರುತ್ತಿತ್ತು. ನಾನು ಬಾಯಿ ಬಿಟ್ಟರೆ ಜಗಳವೇ ಆಗುತ್ತದೆ ಎಂದು ಹಾಸಿಗೆಯ ಹೊದಿಕೆ ಮಡಿಸುತ್ತಿದ್ದೆ.

"ಸಂಧ್ಯಾವಂದನೆ ಆಗ್ಲಿಲ್ಲ ನಂದು" ಎಂದರು ಅಪ್ಪಯ್ಯ ಇದ್ದಕ್ಕಿದ್ದಂತೆ. "ಚೀಲದಲ್ಲಿ ಪಂಚಪಾತ್ರೆ ಉಂಟು, ಕೊಡು."

ಕೊಟ್ಟೆ. ಹಾಸಿಗೆಯಲ್ಲೇ ಕಾಲು ಮಡಚಿ ಕೂತರು. ಅಂಗೈಯನ್ನು ಗುಳಿ ಮಾಡಿ ಉದ್ಧರಣೆಯ ಪುಟ್ಟ ಸೌಟಿನಲ್ಲಿ ನೀರು ಹಾಕಿಕೊಂಡು, ಇನ್ನೊಂದು ಕೈಯಿಂದ ಕ್ಯಾಪ್ಸೂಲನ್ನು ಬಾಯಿಗೆ ಹಾಕಿದರು. ಕೇಶವಾಯ ಸ್ವಾಹಾ ಎಂದು ಒಂದು ಗುಟುಕು, ನಾರಾಯಣಾಯ ಸ್ವಾಹಾ ಎಂದು ಇನ್ನೊಂದು, ಮಾಧವಾಯ ಸ್ವಾಹಾ ಎಂದು ಮೂರನೆಯದು. ಗಂಟಲು ಏರಿ ಇಳಿದದ್ದನ್ನು ನಾನು ಕಣ್ಣಿಂದ ನೋಡಿದೆ. ಸಂಧ್ಯಾವಂದನೆಯ ಆಚಮನಕ್ಕೆ ಯಾವ ಏಕಾದಶಿಯೂ ಅಡ್ಡಿಯಿಲ್ಲ. ನನ್ನ ಕಡೆ ತಿರುಗಿಯೂ ನೋಡದೆ ಅವರು ಮಂತ್ರ ಮುಂದುವರಿಸಿದರು. ಮಧ್ಯಾಹ್ನ ಮಾಧ್ಯಾಹ್ನಿಕಕ್ಕೆ ಎರಡನೆಯದು ಹೋಯಿತು. ಸಂಜೆಯ ಸಂಧ್ಯೆಗೆ ಮೂರನೆಯದು.

ನಾಲ್ಕನೆಯದು ಮೇಜಿನ ಮೇಲೆ ಉಳಿಯಿತು. ದಿನಕ್ಕೆ ಸಂಧ್ಯೆ ಮೂರೇ. ವಾರ್ಡಿನಲ್ಲಿ ಊಟದ ಗಾಡಿ ಬಂದು ಹೋಯಿತು, ನರ್ಸು ಬಂದು ಹೊರಗಿನವರು ಏಳಿ ಎಂದಳು. ಶಾಸ್ತ್ರದಲ್ಲಿ ಇನ್ನು ಎಲ್ಲಿಯೂ ಜಾಗವಿರಲಿಲ್ಲ. ನಾನು ಚೀಲ ತೆಗೆದುಕೊಂಡು ಹೊರಟು ನಿಂತೆ. ಬೇಡಿಕೊಳ್ಳಲೂ ಶಕ್ತಿ ಉಳಿದಿರಲಿಲ್ಲ.

ಅಪ್ಪಯ್ಯ ನನ್ನ ಮುಖ ನೋಡಿದರು. ಪಂಚಪಾತ್ರೆಯನ್ನು ಬದಿಗೆ ಸರಿಸಿದರು. ಆಸ್ಪತ್ರೆಯ ಹೂಜಿಯಿಂದ ತಾವೇ ಲೋಟದ ತುಂಬ ನೀರು ಬಗ್ಗಿಸಿಕೊಂಡು, ಮಾತ್ರೆ ಬಾಯಿಗೆ ಹಾಕಿ, ಬಾಯಾರಿದ ಮನುಷ್ಯ ಕುಡಿಯುವ ಹಾಗೆ ಗಟಗಟ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಮೂರು ಮಾತ್ರೆ ದೇವರ ಲೆಕ್ಕಕ್ಕೆ ಆಯ್ತು" ಎಂದರು. "ಇದು ನಿನ್ನ ಲೆಕ್ಕಕ್ಕೆ."